ಮೊದಲು ಕಿವಿ, ಆಮೇಲೆ ಪಾನಾ

ಸರ್ವಿಸಿಗೆ ಬಿಡುವಾಗ ಇರದಿದ್ದ ಸಪ್ಪಳವೊಂದು ಸರ್ವಿಸ್ ಮುಗಿಸಿ ಹೊರಬಂದ ಕಾರಿನಲ್ಲಿ ಕೇಳಿಸತೊಡಗಿದರೆ ಎರಡು ಮಾತು ಕೂಡಲೇ ಹುಟ್ಟಿಕೊಳ್ಳುತ್ತವೆ. ‘ಗ್ಯಾರೇಜಿನವರು ಏನೋ ಕೆಡಿಸಿ ಇಟ್ಟಾರ’ ಎಂಬುದು ಮಾಲೀಕರ ಮಾತು. ‘ನಾವು ಆ ಕಡೆ ಕೈನೇ ಹಾಕಿಲ್ರೀ, ಮೊದಲಿಂದನೂ ಇದ್ದೀತು’ ಎಂಬುದು ಗ್ಯಾರೇಜಿನವರ ಮಾತು. ಎರಡೂ ಊಹೆಗಳೇ. ಊಹೆಯಿಂದ ಶುರುವಾದ ದುರಸ್ತಿಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು: ಮೊದಲು ಬ್ರೇಕ್ ಪ್ಯಾಡ್ ಬದಲಾಗುತ್ತದೆ, ಸಪ್ಪಳ ಹಾಗೇ ಇರುತ್ತದೆ, ಆಮೇಲೆ ಬೇರಿಂಗ್ ಬದಲಾಗುತ್ತದೆ, ಸಪ್ಪಳ ಹಾಗೇ ಇರುತ್ತದೆ, ದುಡ್ಡು ಹೋಗುತ್ತದೆ, ಇಬ್ಬರ ನಡುವಿನ ನಂಬಿಕೆಯೂ ಹೋಗುತ್ತದೆ. ಒಂದೊಂದು ಬಿಡಿಭಾಗಕ್ಕೂ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ತೆರಬೇಕಾದ ಸ್ಪೋರ್ಟ್ಸ್ ಕಾರಿನಲ್ಲಿ ಈ ದಾರಿ ಯಾರಿಗೂ ಕಟ್ಟುವಂಥದ್ದಲ್ಲ. ಸಪ್ಪಳವೆಂದರೆ ಸಾಕ್ಷ್ಯ. ಅದು ಯಾವ ವೇಗಕ್ಕೆ ಬರುತ್ತದೆ, ಯಾವ ಗೇರಿನಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ತಣ್ಣಗಿದ್ದಾಗಲೋ ಕಾದ ಮೇಲೋ ಎಂಬುದನ್ನು ಕೇಳಿ, ಪರೀಕ್ಷಿಸಿ, ಬರೆದಿಟ್ಟುಕೊಳ್ಳುವ ತನಕ ಒಂದು ನಟ್ಟನ್ನೂ ಬಿಚ್ಚಬಾರದು ಎಂಬುದು ಈ ಲೇಖನದ ವಾದ.

ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಈ ವಾದಕ್ಕೆ ಇನ್ನಷ್ಟು ತೂಕವಿದೆ. ವಿದೇಶಿ ಸ್ಪೋರ್ಟ್ಸ್ ಕಾರಿಗೆ ಆಯಾ ಕಂಪನಿಯದೇ ವರ್ಕ್‌ಶಾಪ್ ಬೇಕೆಂದರೆ ಸಾಮಾನ್ಯವಾಗಿ ಬೆಂಗಳೂರಿನ ದಾರಿ ಹಿಡಿಯಬೇಕು, ಇಲ್ಲವೇ ಪುಣೆಯದು. ಎರಡೂ ಇಲ್ಲಿಂದ 400 ಕಿಲೋಮೀಟರಿಗಿಂತ ಹೆಚ್ಚು. ಹೀಗಾಗಿ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಟಯರ್‌ನಂಥ ಕೆಲಸಗಳು ಗೋಕುಲ ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲಿ ನಡೆದರೆ, ಗೇರ್‌ಬಾಕ್ಸು, ಎಂಜಿನ್ನಿನಂಥ ದೊಡ್ಡ ಕೆಲಸಗಳು ದೂರದ ಊರಿಗೆ ಹೋಗುತ್ತವೆ. ಒಂದೇ ಕಾರನ್ನು ಎರಡು ಮೂರು ಕಡೆಯ ಕೈಗಳು ಬಿಚ್ಚಿ ಕಟ್ಟಿರುತ್ತವೆ. ಬೆಂಗಳೂರಿನಲ್ಲಿ ಸರ್ವಿಸ್ ಮುಗಿಸಿಕೊಂಡು ಹೊರಟ ಕಾರಿನ ಸಪ್ಪಳ ಹಾವೇರಿ ದಾಟಿದ ಮೇಲೆ ಗಮನಕ್ಕೆ ಬಂತೆನ್ನಿ. ಅದನ್ನು ಮತ್ತೆ ಲಾರಿಯ ಮೇಲೆ ಹೇರಿಕೊಂಡು ಹಿಂದಕ್ಕೆ ಒಯ್ಯಬೇಕೋ, ಊರಲ್ಲೇ ಒಂದು ಕ್ಲಿಪ್ ಹಾಕಿದರೆ ಮುಗಿಯುವಂಥದ್ದೋ ಎಂದು ತೀರ್ಮಾನಿಸಲು ಫೋನಿನಲ್ಲಿ ನಾಲ್ಕು ಮಾತು ಆಡಬೇಕಾಗುತ್ತದೆ. ‘ಏನೋ ಒಂಥರಾ ಸಪ್ಪಳ ಬರ್ತದ’ ಎಂದರೆ ಅತ್ತ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ‘60ರಿಂದ 80ರ ವೇಗದ ನಡುವೆ, ಎಡಗಡೆ ಮುಂದೆ, ಗೇರ್ ಬದಲಿಸಿದರೂ ಬದಲಾಗದ ಗುಂಯ್ ಸಪ್ಪಳ; ಬ್ರೇಕ್ ಒತ್ತಿದರೆ ಹಾಗೇ, ಬಲಕ್ಕೆ ಹೊರಳಿಸಿದರೆ ಜೋರು’ ಎಂದರೆ ಅರ್ಧ ರೋಗನಿದಾನ ಅಲ್ಲಿಗೇ ಮುಗಿಯಿತು.

ಕಿವಿಗೊಟ್ಟು ಯಂತ್ರವನ್ನು ಪರೀಕ್ಷಿಸುವ ವಿದ್ಯೆ ಈ ಅವಳಿ ನಗರಕ್ಕೆ ಹೊಸದೂ ಅಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1880ರ ದಶಕದ ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಇಲ್ಲಿದೆ. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ. ರೈಲು ನಿಲ್ದಾಣಕ್ಕೆ ಬರುವಾಗ ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪ್ರತಿ ಬೋಗಿಯ ಚಕ್ರಗಳತ್ತ ಕಣ್ಣು, ಕಿವಿ ನೆಟ್ಟಿರುವ ಸಿಬ್ಬಂದಿಯನ್ನು ಪ್ರಯಾಣಿಕರು ನೋಡಿರುತ್ತಾರೆ. ರೈಲ್ವೆಯಲ್ಲಿ ಇದಕ್ಕೆ ರೋಲಿಂಗ್-ಇನ್ ಪರೀಕ್ಷೆ ಎನ್ನುತ್ತಾರೆ. ಚಕ್ರದ ಅಂಚು ಒಂದೆಡೆ ಸವೆದು ಚಪ್ಪಟೆಯಾಗಿದ್ದರೆ ಪ್ರತಿ ಸುತ್ತಿಗೊಮ್ಮೆ ಧಡ್ ಧಡ್ ಎನ್ನುತ್ತದೆ. ಬೇರಿಂಗ್ ಹದಗೆಟ್ಟಿದ್ದರೆ ಬೇರೆ ಬಗೆಯ ಸಪ್ಪಳ. ಕೆಳಗೆ ಏನಾದರೂ ಜೋತಾಡುತ್ತಿದ್ದರೆ ಇನ್ನೊಂದು. ಗಾಡಿ ನಿಂತ ಮೇಲೆ ಈ ಸಾಕ್ಷ್ಯ ಸಿಗುವುದಿಲ್ಲ, ಅದಕ್ಕೇ ಚಲಿಸುತ್ತಿರುವಾಗಲೇ ಕೇಳಿಸಿಕೊಳ್ಳಬೇಕೆಂಬ ನಿಯಮ. ಕಾರಿಗೂ ಇದೇ ಅನ್ವಯ. ಗ್ಯಾರೇಜಿನ ಅಂಗಳದಲ್ಲಿ ನಿಂತ ಕಾರಿನ ಎಂಜಿನ್ ಎಬ್ಬಿಸಿ ಕೇಳಿದರೆ ಚಕ್ರ, ಬ್ರೇಕ್, ಸಸ್ಪೆನ್ಶನ್, ಗಾಳಿ ಇವು ಯಾವುವೂ ಬಾಯಿ ಬಿಡುವುದಿಲ್ಲ. ಆ ಸಾಕ್ಷ್ಯ ಇರುವುದು ಓಡಿಸಿದವರ ಬಳಿ.

ಸಪ್ಪಳ ಎಲ್ಲಿಂದ ಬಂದಿರಬಹುದು ಎಂದು ಹುಡುಕುವ ಮೊದಲು ಸರ್ವಿಸಿನಲ್ಲಿ ಏನೇನು ಮುಟ್ಟಿದ್ದಾರೆ ಎಂಬುದನ್ನು ಜಾಬ್ ಕಾರ್ಡ್ ನೋಡಿ ತಿಳಿದುಕೊಳ್ಳುವುದು ಒಳ್ಳೆಯದು. ಸಾಧಾರಣ ಸರ್ವಿಸಿನಲ್ಲಿ ನಾಲ್ಕೂ ಚಕ್ರ ಕಳಚುತ್ತಾರೆ, ಬ್ರೇಕ್ ಬಿಚ್ಚಿ ಶುಚಿಗೊಳಿಸುತ್ತಾರೆ, ಆಯಿಲ್ ಮತ್ತು ಫಿಲ್ಟರ್ ಬದಲಿಸುತ್ತಾರೆ, ಏರ್ ಫಿಲ್ಟರಿನ ಡಬ್ಬಿ ತೆಗೆಯುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ ಇದರ ಜೊತೆಗೆ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇಳಿಸಬೇಕಾಗುತ್ತದೆ. ಮಾಮೂಲಿ ಕಾರಿನಲ್ಲಿ ಎಂಜಿನ್ನಿನ ಕೆಳಗಷ್ಟೇ ಇರುವ ಈ ಹೊದಿಕೆ ವೇಗದ ಕಾರುಗಳಲ್ಲಿ ಹೆಚ್ಚುಕಡಿಮೆ ಇಡೀ ತಳವನ್ನೇ ಮುಚ್ಚಿರುತ್ತದೆ, ಗಾಳಿ ಸರಾಗವಾಗಿ ಜಾರಿಹೋಗಲೆಂದು. ಅದನ್ನು ಹಿಡಿದಿಡಲು ಸಾಲುಸಾಲು ಸ್ಕ್ರೂ, ಕ್ಲಿಪ್ಪುಗಳು. ಒಂದೆರಡು ಕ್ಲಿಪ್ ಮುರಿದರೆ ಅಥವಾ ಹಾಕಲು ಮರೆತರೆ ಪೇಟೆಯೊಳಗೆ ಏನೂ ಕೇಳುವುದಿಲ್ಲ. ಹೆದ್ದಾರಿಯಲ್ಲಿ ವೇಗ ಏರಿದಂತೆ ಹೊದಿಕೆಯ ಅಂಚು ಗಾಳಿಗೆ ಪಟಪಟ ಬಡಿಯತೊಡಗುತ್ತದೆ. ನವನಗರದ ಸಿಗ್ನಲ್ಲುಗಳ ನಡುವೆ ಸುಮ್ಮನಿದ್ದ ಕಾರು ಬೈಪಾಸ್ ಮುಟ್ಟಿದೊಡನೆ ಗಲಾಟೆ ಶುರುಮಾಡಿದರೆ, ಆ ಗಲಾಟೆ ಎಂಜಿನ್ನಿನ ತಿರುಗುವಿಕೆಗೆ ಜಗ್ಗದೆ ಕಾರಿನ ವೇಗಕ್ಕಷ್ಟೇ ಏರಿಳಿದರೆ, ಮೊದಲು ಬಗ್ಗಿ ನೋಡಬೇಕಾದದ್ದು ಈ ಹೊದಿಕೆಯನ್ನು. ಖರ್ಚು ಹೆಚ್ಚಿಲ್ಲ, ಆದರೆ ಬಿಟ್ಟರೆ ಅದು ಕಿತ್ತುಬಂದು ಚಕ್ರಕ್ಕೆ ಸಿಕ್ಕಿಕೊಳ್ಳಬಹುದು.

ಇನ್ನೊಂದು ಸಾಮಾನ್ಯ ತಪ್ಪಿತಸ್ಥ ಬ್ರೇಕ್ ಡಿಸ್ಕಿನ ಹಿಂದಿರುವ ಧೂಳುತಡೆ. ಅದೊಂದು ತೆಳು ತಗಡು, ಡಿಸ್ಕಿಗೂ ಅದಕ್ಕೂ ಕೆಲವೇ ಮಿಲಿಮೀಟರ್ ಅಂತರ. ಚಕ್ರ ಕಳಚಿ ಹಾಕುವಾಗ ಕೈತಾಕಿ ಅದು ತುಸು ಬಾಗಿದರೂ ಸಾಕು, ತಿರುಗುವ ಡಿಸ್ಕಿಗೆ ಉಜ್ಜಿ ಸರ್ರ್ ಸರ್ರ್ ಎಂದು ಲೋಹದ ತೆಳುವಾದ ಸಪ್ಪಳ ಹೊರಡುತ್ತದೆ. ಕಲಘಟಗಿ, ಅಳ್ನಾವರದ ಕಡೆ ಗರಸು ಹಾಸಿದ ದಾರಿಯಲ್ಲಿ ಓಡಿಸಿದರೆ ಸಣ್ಣ ಕಲ್ಲೊಂದು ಇದೇ ಸಂದಿಯಲ್ಲಿ ಸಿಕ್ಕಿಕೊಂಡು ಇದೇ ಸಪ್ಪಳ ಮಾಡುವುದುಂಟು. ಒಂದೇ ಜಾಗ, ಒಂದೇ ದನಿ. ಕಾರಣ ಒಂದು ಬಾರಿ ಗ್ಯಾರೇಜು, ಇನ್ನೊಂದು ಬಾರಿ ರಸ್ತೆ. ಕಾರನ್ನು ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ ಐದು ನಿಮಿಷದಲ್ಲಿ ಯಾವುದೆಂದು ತಿಳಿಯುತ್ತದೆ. ನೋಡದೆ ಪ್ಯಾಡ್ ಬದಲಿಸಿದರೆ ಮಾತ್ರ ಎಂದೂ ತಿಳಿಯುವುದಿಲ್ಲ. ಹೊಸ ಪ್ಯಾಡಿನ ಕೀರಲು ದನಿ ಇದಕ್ಕಿಂತ ಬೇರೆ: ಅದು ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆ. ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಸ್ವಲ್ಪ ದಿನ ಇದ್ದು, ಆಮೇಲೆ ಕಡಿಮೆಯಾಗುತ್ತದೆ. ಪ್ಯಾಡಿನ ಬೆನ್ನಿಗೆ ಇರಬೇಕಾದ ತೆಳು ಶಿಮ್ ಹಾಕದಿದ್ದರೆ ಅದು ಕಡಿಮೆಯಾಗುವುದೇ ಇಲ್ಲ.

ಸರ್ವಿಸ್ ಆದ ಮೇಲೆ ಬಂದ ಸಪ್ಪಳವೆಲ್ಲ ಸರ್ವಿಸಿನಿಂದಲೇ ಬಂದದ್ದು ಎನ್ನಲು ಬರುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುವುದು ಯಂತ್ರಗಳ ಲೋಕದಲ್ಲಿ ದಿನನಿತ್ಯದ ಮಾತು. ಟಯರ್ ಅದಲುಬದಲು ಮಾಡುವ ಕೆಲಸವನ್ನೇ ತೆಗೆದುಕೊಳ್ಳಿ. ಹಿಂದಿನ ಟಯರಿನ ಕಟ್ಟೆಗಳು ಗರಗಸದ ಹಲ್ಲಿನಂತೆ ಏರಿಳಿತವಾಗಿ ಸವೆದಿರುತ್ತವೆ. ಹಿಂದೆ ಇದ್ದಾಗ ಆ ಗುಂಯ್‌ಗುಡುವಿಕೆ ಓಡಿಸುವವರ ಕಿವಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಸರ್ವಿಸಿನಲ್ಲಿ ಅದೇ ಟಯರು ಮುಂದಕ್ಕೆ ಬಂದು, ಈಗ ಸೀಟಿನ ಹತ್ತಿರವೇ ಕೂಗುತ್ತದೆ. ಸವೆತ ಹಳೆಯದು, ಜಾಗ ಮಾತ್ರ ಹೊಸದು. ಹಾಗೆಂದು ಗ್ಯಾರೇಜು ಪೂರ್ತಿ ನಿರ್ದೋಷಿ ಎನ್ನಲೂ ಆಗದು: ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತು ಹಾಕಿರುವ ಟಯರನ್ನು ಉಲ್ಟಾ ಹಾಕಿದರೂ ಹೆಚ್ಚುಕಡಿಮೆ ಇದೇ ಸಪ್ಪಳ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟಯರು ಮುಂದಿನದಕ್ಕಿಂತ ಅಗಲ, ಹಾಗಾಗಿ ಹಿಂದುಮುಂದು ಅದಲುಬದಲೇ ಸಾಧ್ಯವಿಲ್ಲ. ಎಡಬಲ ಬದಲಿಸಿದ್ದರೆ ಬಾಣದ ದಿಕ್ಕನ್ನು ಮೊದಲು ನೋಡಬೇಕು. ಮಾಲೀಕರ ಮಾತೂ ಗ್ಯಾರೇಜಿನವರ ಮಾತೂ ಎರಡೂ ನಿಜವಾಗಿರುವ ಸಾಧ್ಯತೆ ಇರುವುದರಿಂದಲೇ ಮಾತಿನಿಂದ ಇದು ತೀರ್ಮಾನವಾಗುವುದಿಲ್ಲ.

ಹಾಗಾದರೆ ತೀರ್ಮಾನಿಸುವುದು ಹೇಗೆ? ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ, ಉದಾಹರಣೆಗೆ ಗಂಟೆಗೆ 60 ಕಿಲೋಮೀಟರಿನಲ್ಲಿ, ಮೊದಲು ಮೂರನೇ ಗೇರಿನಲ್ಲಿ ಓಡಿಸಿ ಕೇಳಬೇಕು, ಆಮೇಲೆ ನಾಲ್ಕನೇ ಗೇರಿನಲ್ಲಿ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡಿಗೆ ಹಾಕಿ ಇದನ್ನೇ ಮಾಡಬಹುದು. ಎರಡೂ ಬಾರಿ ಚಕ್ರ ತಿರುಗುವ ವೇಗ ಒಂದೇ. ಎಂಜಿನ್ ತಿರುಗುವ ವೇಗ ಮಾತ್ರ ಬೇರೆ. ಸಪ್ಪಳದ ಸ್ಥಾಯಿ ಗೇರಿನೊಂದಿಗೆ ಬದಲಾದರೆ ಅದು ಎಂಜಿನ್ನಿನ ಕಡೆಯದು. ಬದಲಾಗದಿದ್ದರೆ ಚಕ್ರ, ಟಯರ್, ಬೇರಿಂಗ್, ಡ್ರೈವ್ ಶಾಫ್ಟ್ ಇಲ್ಲವೇ ಗಾಳಿಯದು. ಅರ್ಧ ಕಾರು ಅನುಮಾನದ ಪಟ್ಟಿಯಿಂದ ಹೊರಬಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ಸಣ್ಣ ಲೆಕ್ಕ ಮಾಡಬಹುದು. ಟಯರಿನ ಸುತ್ತಳತೆ ಸುಮಾರು 2 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಅಂದರೆ ಚಕ್ರ 10 ಸೆಕೆಂಡಿನಲ್ಲಿ 25 ಸುತ್ತು ಹಾಕುತ್ತದೆ. ಪಕ್ಕದಲ್ಲಿ ಕೂತವರು ಗಡಿಯಾರ ಹಿಡಿದು ಎಣಿಸಿದಾಗ 10 ಸೆಕೆಂಡಿಗೆ 25ರ ಹತ್ತಿರ ಟಕ್ ಟಕ್ ಕೇಳಿಸಿದರೆ, ಸುತ್ತಿಗೊಮ್ಮೆ ಏನೋ ತಾಗುತ್ತಿದೆ: ಟಯರಿಗೆ ಚುಚ್ಚಿದ ಮೊಳೆ, ಬಾಗಿದ ಡಿಸ್ಕು, ಸಡಿಲ ನಟ್ಟು. ಮೂರು ನಾಲ್ಕು ಪಟ್ಟು ಹೆಚ್ಚು ಕೇಳಿಸಿದರೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದ ಶಾಫ್ಟಿನ ಮೇಲೆ ಗುಮಾನಿ ಪಡಬೇಕು, ಏಕೆಂದರೆ ಅದು ಚಕ್ರಕ್ಕಿಂತ ಅಷ್ಟು ವೇಗವಾಗಿ ತಿರುಗುತ್ತದೆ.

ಎಂಜಿನ್ನಿನ ಲೆಕ್ಕವೂ ಇಷ್ಟೇ ನೇರ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಎರಡು ಸುತ್ತಿಗೆ ನಾಲ್ಕು ಸ್ಫೋಟ, ಆದ್ದರಿಂದ ಸೆಕೆಂಡಿಗೆ 100. ಆರು ಸಿಲಿಂಡರಿನದಾದರೆ 150. ವಾಲ್ವುಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ಅರ್ಧ ವೇಗದಲ್ಲಿ ತಿರುಗುತ್ತದೆ, ಆದ್ದರಿಂದ ಒಂದು ವಾಲ್ವಿನ ಕಟಕಟ ಸೆಕೆಂಡಿಗೆ 25 ಬಾರಿ. ಇಷ್ಟು ವೇಗದ್ದನ್ನು ಕಿವಿ ಎಣಿಸಲಾರದು, ಆದರೆ ಸಪ್ಪಳವನ್ನು ಕಂಪನಾಂಕಗಳಾಗಿ ಬಿಡಿಸಿ ತೋರಿಸುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಯಾವ ಅಂಕಿಯ ಮೇಲೆ ಗೆರೆ ಎದ್ದು ನಿಂತಿದೆ ಎಂದು ನೋಡಿ, ಆಗ ಟ್ಯಾಕೊಮೀಟರ್ ಎಷ್ಟು ತೋರಿಸುತ್ತಿತ್ತು ಎಂದು ಹೋಲಿಸಿದರೆ ಸಪ್ಪಳದ ಮನೆತನ ತಿಳಿಯುತ್ತದೆ. ಮಿಕ್ಕ ಪ್ರಶ್ನೆಗಳಿಗೆ ಕಿವಿಯೇ ಸಾಕು. ಗುಂಯ್ ಸಪ್ಪಳ ನಿಧಾನಕ್ಕೆ ಬಲಕ್ಕೆ ಹೊರಳಿಸಿದಾಗ ಜೋರಾದರೆ ಎಡಗಡೆಯ ಚಕ್ರದ ಬೇರಿಂಗ್ ಮೇಲೆ ಅನುಮಾನ, ಏಕೆಂದರೆ ಆಗ ಭಾರ ಎಡಕ್ಕೆ ಬೀಳುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಟಕಟಕ ಎಂದರೆ ಮುಂದಿನ ಆ್ಯಕ್ಸಲ್ಲಿನ ಜಾಯಿಂಟು. ನಿಂತಲ್ಲೇ ಕ್ಲಚ್ ಒತ್ತಿದಾಗ ಸಪ್ಪಳ ಹುಟ್ಟಿದರೆ ಕ್ಲಚ್ಚಿನ ಬೇರಿಂಗು; ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನದು. ಒಂದು ನಿರ್ದಿಷ್ಟ ಆರ್‌ಪಿಎಂಗೆ ಮಾತ್ರ ಝರ್ರ್ ಎಂದು ತಗಡು ನಡುಗಿದಂತಾದರೆ ಸೈಲೆನ್ಸರ್ ಪೈಪಿನ ಶಾಖತಡೆ. ರಸ್ತೆಯ ಉಬ್ಬು ದಾಟುವಾಗ ಮಾತ್ರ ಕಿರ್ರ್ ಎಂದರೆ ಸಸ್ಪೆನ್ಶನ್ನಿನ ರಬ್ಬರ್ ಬುಷ್. ಈ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಕೂತಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಕಾರು ಲಿಫ್ಟಿನಲ್ಲಿ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ ಕೆಳಗಿಳಿದೊಡನೆ ರಬ್ಬರು ತಿರುಚಿಕೊಳ್ಳುತ್ತದೆ, ಸಪ್ಪಳ ಮಾಡುತ್ತದೆ, ಬೇಗ ಹರಿಯುತ್ತದೆ.

ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೂ ಕೆಲವು ಸಪ್ಪಳಗಳಿವೆ, ಸರ್ವಿಸಿನಲ್ಲಿ ಹಾಕಿದ ಎಣ್ಣೆಯೇ ಅವುಗಳ ಮೂಲ. ಹಿಂದಿನ ಎರಡೂ ಚಕ್ರಕ್ಕೆ ಹಿಡಿತ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇರುವ ಕಾರುಗಳಲ್ಲಿ, ಅದು ಕ್ಲಚ್ ತಟ್ಟೆಗಳ ಮಾದರಿಯದಾದರೆ, ಗೇರ್ ಆಯಿಲಿನ ಜೊತೆಗೆ ಘರ್ಷಣೆ ಹದಗೊಳಿಸುವ ವಿಶೇಷ ದ್ರವವೂ ಇರಬೇಕು. ಮಾಮೂಲಿ ಗೇರ್ ಆಯಿಲ್ ತುಂಬಿದರೆ ಪಾರ್ಕಿಂಗಿನಲ್ಲಿ ಗಕ್ಕನೆ ಹೊರಳಿಸುವಾಗ ಹಿಂದುಗಡೆ ಗಡಗಡ ನಡುಗಿ, ಡಿಫರೆನ್ಶಿಯಲ್ಲೇ ಒಡೆಯಿತೇನೋ ಎಂಬ ಗಾಬರಿ ಹುಟ್ಟುತ್ತದೆ. ಒಡೆದಿರುವುದಿಲ್ಲ, ಸರಿಯಾದ ಎಣ್ಣೆ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಎಂಜಿನ್ ಆಯಿಲಿನ ದಪ್ಪ ಬದಲಾದರೂ ಸಪ್ಪಳ ಬದಲಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡು ಮಾತ್ರ ಕಟಕಟ ಎಂದು ನಿಂತರೆ, ಹೊಸ ಫಿಲ್ಟರಿನೊಳಗಿನ ಕವಾಟ ಎಣ್ಣೆಯನ್ನು ಹಿಡಿದಿಡದೆ ರಾತ್ರಿಯಿಡೀ ಕೆಳಕ್ಕೆ ಬಿಡುತ್ತಿದೆ ಎಂದರ್ಥವಿರಬಹುದು. ಇಲ್ಲೆಲ್ಲ ಬಿಲ್ಲಿನಲ್ಲಿ ‘ಆಯಿಲ್ ಚೇಂಜ್’ ಎಂದಷ್ಟೇ ಬರೆದಿದ್ದರೆ ಏನೂ ಗೊತ್ತಾಗದು. ಯಾವ ಕಂಪನಿಯ, ಯಾವ ದರ್ಜೆಯ, ಎಷ್ಟು ಲೀಟರ್ ಎಂಬುದು ಬರಹದಲ್ಲಿ ಇರಬೇಕು.

ಮೊದಲ ಆಕ್ಷೇಪ ಇಲ್ಲೇ ಬರುತ್ತದೆ: ಸ್ಪೋರ್ಟ್ಸ್ ಕಾರೆಂದರೆ ಸಪ್ಪಳ ಮಾಡುವುದೇ ಅಲ್ಲವೇ, ಅದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಆಕ್ಷೇಪದಲ್ಲಿ ಹುರುಳಿದೆ. ತೂತು ಕೊರೆದ ಬ್ರೇಕ್ ಡಿಸ್ಕುಗಳು ಜೋರಾಗಿ ಬ್ರೇಕ್ ಹಾಕಿದಾಗ ಗುನುಗುತ್ತವೆ. ಕಾರ್ಬನ್ ಸೆರಾಮಿಕ್ ಡಿಸ್ಕುಗಳು ತಣ್ಣಗಿದ್ದಾಗ ಕೀರಲುಗುಟ್ಟುತ್ತವೆ. 1990ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದ ನಮ್ಮ ಸ್ಯಾನ್ ಸ್ಟಾರ್ಮ್‌ನಂಥ ಪುಟ್ಟ ಕಾರಿನ ಫೈಬರ್ ಮೈಯ ದನಿ ತಗಡಿನ ಕಾರಿನಂತೆ ಇರಲು ಸಾಧ್ಯವೇ ಇಲ್ಲ. 2011ರ ಬಿಎಂಡಬ್ಲ್ಯು ಎಂ5ನಂಥ ಕಾರುಗಳಲ್ಲಿ ಒಳಗೆ ಕೇಳಿಸುವ ಎಂಜಿನ್ ಮೊರೆತದ ಒಂದು ಪಾಲು ಸ್ಪೀಕರಿನಿಂದಲೇ ಬರುತ್ತದೆ. ಆದರೆ ಇವೆಲ್ಲ ಪ್ರತಿದಿನವೂ ಒಂದೇ ರೀತಿ ಇರುವಂಥವು. ನಾವು ಹುಡುಕುತ್ತಿರುವುದು ಬದಲಾವಣೆಯನ್ನು. ನಿನ್ನೆ ಇರದಿದ್ದದ್ದು ಇವತ್ತು ಇದ್ದರೆ, ಅಥವಾ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಕಾರಿನ ಜಾತಿ ಯಾವುದಾದರೂ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಜೋರು ದನಿಯ ಕಾರಿನಲ್ಲಿ ಸಣ್ಣ ಸಪ್ಪಳ ಮುಚ್ಚಿಹೋಗುವ ಅಪಾಯ ಇರುವುದರಿಂದ ಇನ್ನೂ ಹೆಚ್ಚು ಕಿವಿಗೊಡಬೇಕಾಗುತ್ತದೆ. ಉಪೇಕ್ಷೆಯ ಬೆಲೆ ದೊಡ್ಡದು. 1997ರಿಂದ 2008ರ ನಡುವಿನ ಅನೇಕ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳಲ್ಲಿ ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಕೈಕೊಡುವುದು ಕುಖ್ಯಾತವಾಗಿತ್ತು. ಅಮೆರಿಕದಲ್ಲಿ ಮಾಲೀಕರು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ಬೇರಿಂಗ್ ಸಾಯುವ ಮೊದಲು ಕೆಲವೊಮ್ಮೆ ಕರಕರ ಸಪ್ಪಳ ಮಾಡುತ್ತದೆ, ಆಯಿಲ್ ಫಿಲ್ಟರಿನಲ್ಲಿ ಲೋಹದ ಚೂರು ಉಳಿಸುತ್ತದೆ. ಸರ್ವಿಸಿನಲ್ಲಿ ಕಿತ್ತುಹಾಕಿದ ಹಳೆಯ ಫಿಲ್ಟರನ್ನು ಕತ್ತರಿಸಿ ಬಿಡಿಸಿ ನೋಡಿದವರು ಎಂಜಿನ್ ಉಳಿಸಿಕೊಂಡಿದ್ದಾರೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು: ಈಗಿನ ಕಾರಿಗೆ ಸ್ಕ್ಯಾನರ್ ಚುಚ್ಚಿದರೆ ಎಲ್ಲವೂ ಪರದೆಯ ಮೇಲೆ ಬರುತ್ತದಲ್ಲ, ಕಿವಿ ಏಕೆ? ಸ್ಕ್ಯಾನರ್ ಓದುವುದು ಕಾರಿನ ಕಂಪ್ಯೂಟರ್ ದಾಖಲಿಸಿದ್ದನ್ನು, ಕಂಪ್ಯೂಟರ್ ದಾಖಲಿಸುವುದು ಸೆನ್ಸರ್ ಇರುವ ಜಾಗದ ಸುದ್ದಿಯನ್ನು. ಸಡಿಲವಾದ ಶಾಖತಡೆಗೆ ಸೆನ್ಸರ್ ಇಲ್ಲ, ಬಾಗಿದ ಧೂಳುತಡೆಗೆ ಇಲ್ಲ, ಮುರಿದ ಕ್ಲಿಪ್ಪಿಗೆ ಇಲ್ಲ. ಹಾಗೆಂದು ಸ್ಕ್ಯಾನರ್ ನಿರುಪಯೋಗಿಯಲ್ಲ. ಎಂಜಿನ್ ಬ್ಲಾಕಿಗೆ ಅಂಟಿಕೊಂಡಿರುವ ನಾಕ್ ಸೆನ್ಸರ್ ಎಂಬುದು ಹೆಚ್ಚುಕಡಿಮೆ ಒಂದು ಮೈಕ್ರೊಫೋನೇ. ಪೆಟ್ರೋಲು ಸಿಲಿಂಡರಿನೊಳಗೆ ಹದತಪ್ಪಿ ಉರಿದಾಗ ಹುಟ್ಟುವ ಕೆಲವು ಸಾವಿರ ಹರ್ಟ್ಸಿನ ಕಂಪನವನ್ನು ಅದು ಹಿಡಿದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರು ಕಿಡಿಯನ್ನು ತುಸು ತಡಮಾಡುತ್ತದೆ. 95 ಇಲ್ಲವೇ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಬೇಡುವ ಕಾರಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದಾಗ ಏರಿನಲ್ಲಿ ಕೇಳಿಸುವ ಟಿಣಿಟಿಣಿಯನ್ನು ಸರ್ವಿಸಿನ ತಲೆಗೆ ಕಟ್ಟುವ ಮೊದಲು ಸ್ಕ್ಯಾನರಿನಲ್ಲಿ ಈ ಲೆಕ್ಕ ನೋಡಬೇಕು. ಯಂತ್ರ ತಯಾರಿಸಿದವರೇ ಯಂತ್ರಕ್ಕೊಂದು ಕಿವಿ ಕೊಟ್ಟಿದ್ದಾರೆ ಎಂದ ಮೇಲೆ ಕೇಳಿಸಿಕೊಳ್ಳುವುದು ಹಳೆಯ ಕಾಲದ ಪದ್ಧತಿ ಎನ್ನಲು ಕಾರಣವಿಲ್ಲ.

ಮೂರನೆಯ ಆಕ್ಷೇಪ ಗ್ಯಾರೇಜಿನ ಕಡೆಯದು: ಮೂವತ್ತು ವರ್ಷ ಪಾನಾ ಹಿಡಿದ ಮಿಸ್ತ್ರಿಯ ಕಿವಿಗಿಂತ ಮಾಲೀಕರ ಚೀಟಿ ದೊಡ್ಡದೇ? ಅನುಭವಿ ಕಿವಿಯ ಬೆಲೆ ನಿಜಕ್ಕೂ ದೊಡ್ಡದು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ, ಅದರ ತುದಿಯನ್ನು ಎಂಜಿನ್ನಿನ ಒಂದೊಂದು ಜಾಗಕ್ಕೂ ತಾಗಿಸಿ ಬೇರಿಂಗ್ ಗುರುತಿಸುವವರ ಜಾಣ್ಮೆಯನ್ನು ಯಾವ ಆ್ಯಪ್ಪೂ ಮೀರಿಸಿಲ್ಲ. ಆದರೆ ಲೋಹದ ಚೌಕಟ್ಟು ಸಪ್ಪಳವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತದೆ. ಹಿಂದಿನ ಬಲಚಕ್ರದ್ದು ಮುಂದಿನ ಎಡಗಡೆಯಿಂದ ಬಂದಂತೆ ಕೇಳಿಸುವುದುಂಟು. ಎಂಜಿನ್ ಸೀಟಿನ ಬೆನ್ನಿಗೇ ಇರುವ ಕಾರುಗಳಲ್ಲಿ ಈ ಭ್ರಮೆ ಇನ್ನೂ ಹೆಚ್ಚು. ಅತ್ಯುತ್ತಮ ಮಿಸ್ತ್ರಿಗೂ ಸಪ್ಪಳ ಕೇಳಿಸಬೇಕು, ಅದು ಕೇಳಿಸುವ ಸಂದರ್ಭವನ್ನು ಯಾರಾದರೂ ಹೇಳಿಕೊಡಬೇಕು. ಮಾಲೀಕರು ಕಾರಣ ಹೇಳುವ ಅಗತ್ಯವಿಲ್ಲ, ಹೇಳದಿದ್ದರೇ ಒಳ್ಳೆಯದು. ‘ಬೇರಿಂಗ್ ಹೋಗೇತಿ’ ಎಂದು ಮೊದಲೇ ತೀರ್ಪು ಕೊಟ್ಟರೆ ಬೇರಿಂಗ್ ಬದಲಾಗುತ್ತದೆ ಅಷ್ಟೇ. ಸಂದರ್ಭ ಹೇಳುವುದು ಓಡಿಸುವವರ ಕೆಲಸ, ಕಾರಣ ಹುಡುಕುವುದು ಮಿಸ್ತ್ರಿಯ ಕೆಲಸ. ಈ ಹಂಚಿಕೆ ಕೆಟ್ಟಾಗಲೇ ಜಗಳ ಹುಟ್ಟುವುದು.

ಎಲ್ಲ ಸಪ್ಪಳಗಳೂ ಪರೀಕ್ಷೆಗೆ ಸಮಯ ಕೊಡುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಚಕ್ರ ಕಳಚಿ ಹಾಕಿದ ಮೇಲೆ ಟಕ್ ಟಕ್ ಸಪ್ಪಳದೊಂದಿಗೆ ಸ್ಟಿಯರಿಂಗ್ ನಡುಗಿದರೆ ಅಲ್ಲೇ ನಿಲ್ಲಿಸಿ ನಟ್ಟು ನೋಡಬೇಕು. ಸಣ್ಣ ಕಾರಿನ ಚಕ್ರದ ನಟ್ಟಿಗೆ 100 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿ ಸಾಕು, ಆದರೆ ನಡುವೆ ಒಂದೇ ದೊಡ್ಡ ನಟ್ಟಿರುವ ಕೆಲವು ಪೋರ್ಷೆ ಕಾರುಗಳಿಗೆ 600 ಬೇಕು. ಕೈಯಂದಾಜು ಇಲ್ಲಿ ನಡೆಯದು, ಟಾರ್ಕ್ ರೆಂಚೇ ಬೇಕು. ಮೊದಲ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಕೊಳ್ಳುವ ರೂಢಿಯೂ ಒಳ್ಳೆಯದು. ಸಡಿಲ ಬೋಲ್ಟೊಂದು ಏನು ಮಾಡಬಲ್ಲದೆಂಬುದಕ್ಕೆ 2014ರ ಘಟನೆ ನೆನಪಿಡಬೇಕು: ಎಂಜಿನ್ನಿನೊಳಗೆ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿ ಕಾರಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ ಪೋರ್ಷೆ ಕಂಪನಿ 911 ಜಿಟಿ3 ಮಾದರಿಯ 785 ಕಾರುಗಳ ಮಾಲೀಕರಿಗೆ ‘ಓಡಿಸಬೇಡಿ’ ಎಂದು ಹೇಳಿ, ಎಲ್ಲ ಕಾರುಗಳ ಎಂಜಿನ್ನನ್ನೇ ಬದಲಿಸಿತು. ಅದೇ ರೀತಿ ಆಯಿಲ್ ದೀಪ ಹೊತ್ತಿಕೊಂಡು ಎಂಜಿನ್ ಕಟಕಟ ಎಂದರೆ, ಬ್ರೇಕ್ ಒತ್ತಿದಾಗ ಲೋಹಕ್ಕೆ ಲೋಹ ಉಜ್ಜಿದಂತಾದರೆ ಇನ್ನೊಂದು ಕಿಲೋಮೀಟರನ್ನೂ ಓಡಿಸಬಾರದು. ವೇಗದ ಪರೀಕ್ಷೆಗೆಂದು ಬೈಪಾಸಿನಲ್ಲಿ ಲಾರಿಗಳ ನಡುವೆ ನುಗ್ಗುವುದಂತೂ ಸಲ್ಲದು. ಮೇಲೆ ಹೇಳಿದ ಪರೀಕ್ಷೆಗಳಿಗೆ 60ರ ವೇಗ, ಖಾಲಿ ರಸ್ತೆ, ಬೆಳಗಿನ ಹೊತ್ತು ಸಾಕು.

ಹಾಗಾದರೆ ರೂಢಿಗೆ ಬರಬೇಕಾದದ್ದೇನು? ಸರ್ವಿಸಿಗೆ ಬಿಡುವ ಮೊದಲು ಮಾಲೀಕರೂ ಮಿಸ್ತ್ರಿಯೂ ಒಟ್ಟಿಗೆ ಕೂತು ಹತ್ತು ನಿಮಿಷ ಕಾರು ಓಡಿಸಿ, ಆಗ ಇದ್ದ ಸಪ್ಪಳಗಳನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಮುಗಿದ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ಓಡಿಸಬೇಕು. ‘ದಿನಕ್ಕೆ ಇಷ್ಟು ಗಾಡಿ ಬರುವಾಗ ಅಷ್ಟು ಪುರುಸೊತ್ತು ಎಲ್ಲೈತ್ರೀ’ ಎಂಬ ಪ್ರಶ್ನೆ ಸಹಜ. ಆದರೆ ಹತ್ತು ನಿಮಿಷ ಉಳಿಸಲು ಹೋಗಿ ಅರ್ಧ ದಿನ ಮತ್ತೆ ಬಿಚ್ಚಿ ಕಟ್ಟುವ ಗ್ಯಾರೇಜು ಸಮಯ ಉಳಿಸಿದಂತಾಗಲಿಲ್ಲ, ಅದೂ ಬಿಲ್ ಹಾಕಲು ಬಾರದ ಅರ್ಧ ದಿನ. ಬದಲಿಸಿದ ಹಳೆಯ ಭಾಗಗಳನ್ನು ಮಾಲೀಕರಿಗೆ ತೋರಿಸುವುದು, ನಟ್ಟಿನ ಬಿಗಿ ಮತ್ತು ಎಣ್ಣೆಯ ದರ್ಜೆ ಬರೆಯುವುದು, ಸಪ್ಪಳ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲ ನೋಡುವುದು, ಇವಿಷ್ಟನ್ನು ಪಾಲಿಸಿದರೆ ಯಾವ ಕೆಲಸದಿಂದ ಸಪ್ಪಳ ಹೋಯಿತು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಜಾಬ್ ಕಾರ್ಡಿನ ಈ ಬರಹ ಗ್ಯಾರೇಜಿನವರನ್ನು ಸುಳ್ಳು ದೂರಿನಿಂದ ಕಾಯುತ್ತದೆ. ತಪ್ಪು ನಿಜಕ್ಕೂ ನಡೆದಿದ್ದರೆ ಮಾಲೀಕರನ್ನೂ ಕಾಯುತ್ತದೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಗೆ ಎರಡು ವರ್ಷದೊಳಗೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಅಲ್ಲಿ ಗೆಲ್ಲುವುದು ಕಾಗದ.

1947ರ ಬಿವಿಬಿ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇರುವ, ಟಾಟಾ ಮೋಟಾರ್ಸ್ ಕಾರ್ಖಾನೆ ಇರುವ, ತಲೆಮಾರುಗಳಿಂದ ರೈಲ್ವೆ ಕಸುಬುದಾರರು ಬದುಕಿರುವ ಊರಿದು. ಕಂಪನದ ಶಾಸ್ತ್ರ ಬಲ್ಲವರೂ ಕಿವಿ ಪಳಗಿದವರೂ ಇಲ್ಲಿ ಒಂದೇ ಬಸ್ಸಿನ ಹಾದಿಯಲ್ಲಿದ್ದಾರೆ. ಒಬ್ಬರ ಲೆಕ್ಕ ಇನ್ನೊಬ್ಬರ ಜಾಬ್ ಕಾರ್ಡಿಗೆ ಇಳಿದರೆ ಸ್ಪೋರ್ಟ್ಸ್ ಕಾರಿಗಷ್ಟೇ ಅಲ್ಲ, ಟಂಟಂ ಗಾಡಿಗೂ ಟ್ರ್ಯಾಕ್ಟರಿಗೂ ಲಾಭವಿದೆ. ಲಕ್ಷದ ಕಾರಿನವರಿಗಿಂತ, ದಿನದ ದುಡಿಮೆಗೆ ಗಾಡಿಯನ್ನೇ ನಂಬಿದವರಿಗೆ ಬೇಡದ ಬಿಡಿಭಾಗದ ಬಿಲ್ಲು ಹೆಚ್ಚು ಭಾರ. ಸಪ್ಪಳ ಯಾರ ತಪ್ಪಿನಿಂದ ಬಂತು ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರ ಬೇಕಾದರೆ, ಸಪ್ಪಳ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು. ಆ ಉತ್ತರ ಸಿಗುವ ತನಕ ಬಿಲ್ಲು ಏರಿಸದೆ, ಬೈಗುಳ ಆಡದೆ ಇರುವ ಸಂಯಮವನ್ನು ಮಾಲೀಕರೂ ಮಿಸ್ತ್ರಿಗಳೂ ಇಬ್ಬರೂ ಕಲಿಯಬೇಕಾಗಿದೆ.